ಎರಡು ಪಟ್ಟಿಗೂ ಸೇರದವರು

ಗಣಕಯಂತ್ರಕ್ಕೆ ಪ್ರಶ್ನೆ ಹಾಕುವವರು ಎರಡು ಬಗೆಯ ತೊಡಕುಗಳನ್ನು ಎದುರಿಸಬೇಕಾಗುತ್ತದೆ. ಒಂದು, ಯಂತ್ರವು ಪ್ರಶ್ನೆಯನ್ನೇ ತಿರಸ್ಕರಿಸುವುದು. ಎಲ್ಲಿಯೋ ಒಂದು ಅಲ್ಪವಿರಾಮ ಬಿಟ್ಟುಹೋಗಿರುತ್ತದೆ; ಆವರಣ ಚಿಹ್ನೆಯೊಂದು ಮುಚ್ಚದೆ ಉಳಿದಿರುತ್ತದೆ. ಯಂತ್ರ ಕೂಡಲೆ ತಪ್ಪನ್ನು ಸಾರಿ ನಿಂತುಬಿಡುತ್ತದೆ. ಇದರಿಂದ ಹೊತ್ತು ಹಾಳಾಗುವುದೇ ಹೊರತು ಬೇರೆ ಕೇಡಿಲ್ಲ. ಇನ್ನೊಂದು ಬಗೆಯದು ಹಾಗಲ್ಲ. ಯಂತ್ರವು ಪ್ರಶ್ನೆಯನ್ನು ಒಪ್ಪಿಕೊಂಡು, ಕ್ಷಣಮಾತ್ರದಲ್ಲಿ ಅಚ್ಚುಕಟ್ಟಾದ ಪಟ್ಟಿಯೊಂದನ್ನು ಮುಂದಿಡುತ್ತದೆ. ಪಟ್ಟಿ ತಪ್ಪಾಗಿರುತ್ತದೆ, ಆದರೆ ತಪ್ಪೆಂದು ಹೇಳುವವರು ಯಾರೂ ಇಲ್ಲ. ಪಟ್ಟಿಯಲ್ಲಿ ಇರಬೇಕಾಗಿದ್ದವನು ಅಲ್ಲಿ ಇಲ್ಲವೆಂಬುದು ಪಟ್ಟಿಯನ್ನು ಎಷ್ಟು ದಿಟ್ಟಿಸಿದರೂ ಕಾಣುವುದಿಲ್ಲ.

ಈ ಎರಡನೆಯ ಬಗೆಯ ತಪ್ಪು ಹುಟ್ಟುವುದು ಹೆಚ್ಚಾಗಿ ಒಂದಕ್ಕಿಂತ ಹೆಚ್ಚು ನಿಬಂಧನೆಗಳನ್ನು ಒಟ್ಟಿಗೆ ಹಾಕಿದಾಗ. ವಿದ್ಯಾರ್ಥಿವೇತನದ ಪಟ್ಟಿ, ಪಡಿತರದ ಪಟ್ಟಿ, ಮತದಾರರ ಪಟ್ಟಿ, ಆಸ್ಪತ್ರೆಯ ರೋಗಿಗಳ ಪಟ್ಟಿ ಎಲ್ಲವೂ ಇಂದು ಇಂಥ ನಿಬಂಧನೆಗಳ ಜರಡಿಯನ್ನು ಹಾದೇ ಹೊರಬರುತ್ತವೆ. ಆದುದರಿಂದ ಆ ಜರಡಿಯ ಕಣ್ಣುಗಳನ್ನು ತುಸು ಪರೀಕ್ಷಿಸಿ ನೋಡುವುದು ವ್ಯರ್ಥವಲ್ಲ.

ಮೊದಲು ಜರಡಿಯ ಪರಿಚಯ. ಮಾಹಿತಿಯನ್ನೆಲ್ಲ ಸಾಲು ಮತ್ತು ಅಂಕಣಗಳುಳ್ಳ ಕೋಷ್ಟಕಗಳಲ್ಲಿ ಇಡಬೇಕು, ಗಣಿತದ ಗಣಸಿದ್ಧಾಂತದ ನಿಯಮಗಳಂತೆ ಅವುಗಳಿಂದ ಬೇಕಾದುದನ್ನು ಆರಿಸಬೇಕು ಎಂಬ ವಿಚಾರವನ್ನು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ಗಣಿತಜ್ಞ 1970ರಲ್ಲಿ ಪ್ರಕಟಿಸಿದ. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಆ ವಿಚಾರಕ್ಕೊಂದು ಭಾಷೆಯನ್ನು ಕಟ್ಟಿದರು. ಅದಕ್ಕೆ ಅವರಿಟ್ಟ ಹೆಸರು ಸೀಕ್ವೆಲ್. ಆ ಹೆಸರು ಬೇರೊಂದು ಕಂಪೆನಿಯ ವ್ಯಾಪಾರಮುದ್ರೆಯಾಗಿದ್ದುದರಿಂದ ಮುಂದೆ ಅದು ಎಸ್‌ಕ್ಯೂಎಲ್ ಆಯಿತು. ಅರ್ಧ ಶತಮಾನ ಕಳೆದರೂ ಜಗತ್ತಿನ ದತ್ತಸಂಚಯಗಳಲ್ಲಿ ಬಹುಪಾಲು ಇದೇ ಭಾಷೆಯಲ್ಲಿ ಮಾತನಾಡುತ್ತವೆ. ಯಂತ್ರವು ಕೋಷ್ಟಕದ ಒಂದೊಂದು ಸಾಲನ್ನೂ ತೆಗೆದುಕೊಂಡು, "ಈ ಸಾಲಿನ ಮಟ್ಟಿಗೆ ನಿಬಂಧನೆ ನಿಜವೆ?" ಎಂದು ಪರೀಕ್ಷಿಸುತ್ತದೆ. ನಿಜವಾದರೆ ಉತ್ತರಕ್ಕೆ ಸೇರಿಸುತ್ತದೆ, ಇಲ್ಲವಾದರೆ ಬಿಟ್ಟುಬಿಡುತ್ತದೆ. ಇಷ್ಟೇ ಅದರ ಕೆಲಸ. "ಈ ಸಾಲಿನ ಮಟ್ಟಿಗೆ" ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಈಗ ಒಂದು ಕಾಲೇಜನ್ನು ಊಹಿಸಿಕೊಳ್ಳೋಣ. ಮೊದಲನೆಯ ವರ್ಷದಲ್ಲಿ 400, ಎರಡನೆಯ ವರ್ಷದಲ್ಲಿ 350 ವಿದ್ಯಾರ್ಥಿಗಳಿದ್ದಾರೆ. ಮೊದಲನೆಯ ಅಥವಾ ಎರಡನೆಯ ವರ್ಷದಲ್ಲಿ ಓದುತ್ತಿರುವ, ಕುಟುಂಬದ ವರಮಾನ 2 ಲಕ್ಷ ರೂಪಾಯಿ ಮೀರದ ವಿದ್ಯಾರ್ಥಿಗಳಿಗೆ ವೇತನ ದೊರೆಯತಕ್ಕದ್ದು. ಮೊದಲನೆಯ ವರ್ಷದಲ್ಲಿ ಅಂಥವರು 150, ಎರಡನೆಯದರಲ್ಲಿ 120, ಒಟ್ಟು 270. ಗುಮಾಸ್ತರು ನಿಯಮವನ್ನು ಓದಿದಂತೆಯೇ ಬರೆಯುತ್ತಾರೆ: ವರ್ಷ = 1 ಆರ್ ವರ್ಷ = 2 ಆ್ಯಂಡ್ ವರಮಾನ <= 200000. ಬಂದ ಪಟ್ಟಿಯಲ್ಲಿ 520 ಹೆಸರುಗಳು!

ಯಂತ್ರ ಕೆಟ್ಟಿಲ್ಲ. 2 + 3 × 4 ಎಷ್ಟೆಂದು ಕೇಳಿದರೆ ನಾವು 20 ಎನ್ನುವುದಿಲ್ಲ, 14 ಎನ್ನುತ್ತೇವೆ. ಗುಣಾಕಾರವನ್ನು ಮೊದಲು ಮಾಡಬೇಕೆಂಬ ಒಪ್ಪಂದವಿದೆ. ಇಲ್ಲಿಯೂ ಹಾಗೆಯೇ. ತರ್ಕವನ್ನು ಬೀಜಗಣಿತವನ್ನಾಗಿಸಿದ ಜಾರ್ಜ್ ಬೂಲ್ 1847ರಲ್ಲಿ ಮತ್ತು 1854ರಲ್ಲಿ ಬರೆದ ಗ್ರಂಥಗಳಲ್ಲಿ "ಮತ್ತು" ಎಂಬುದನ್ನು ಗುಣಾಕಾರದಿಂದಲೂ "ಅಥವಾ" ಎಂಬುದನ್ನು ಸಂಕಲನದಿಂದಲೂ ಸೂಚಿಸಿದ. ಎಸ್‌ಕ್ಯೂಎಲ್‌ನಲ್ಲಿಯೂ ಆ್ಯಂಡ್ ಎಂಬುದು ಗುಣಾಕಾರದಂತೆ ಮೊದಲು ಬೆಸೆಯುತ್ತದೆ, ಆರ್ ಎಂಬುದು ಆಮೇಲೆ. ಹಾಗಾಗಿ ಯಂತ್ರಕ್ಕೆ ಕೇಳಿಸಿದ್ದು ಇದು: ಮೊದಲನೆಯ ವರ್ಷದವರೆಲ್ಲರೂ ಬರಲಿ, ಅವರ ಜೊತೆಗೆ ಎರಡನೆಯ ವರ್ಷದವರಲ್ಲಿ ಬಡವರಾದವರೂ ಬರಲಿ. 400ಕ್ಕೆ 120 ಸೇರಿ 520. ಎರಡು ವರ್ಷಗಳ ನಿಬಂಧನೆಗಳನ್ನು ಆವರಣದೊಳಗೆ ಕೂಡಿಸಿ, ಆವರಣದ ಹೊರಗೆ ವರಮಾನದ ಮಾತನ್ನು ಬರೆದರೆ 270 ಬರುತ್ತದೆ. ಆರ್ ಇರುವಲ್ಲೆಲ್ಲ ಆವರಣ ಹಾಕುವುದು ನನ್ನ ದೃಷ್ಟಿಯಲ್ಲಿ ಒಳ್ಳೆಯ ಅಭ್ಯಾಸ. ಬೇಕಿಲ್ಲದ ಆವರಣದಿಂದ ಯಾರಿಗೂ ನಷ್ಟವಿಲ್ಲ.

ಆವರಣದ ತಪ್ಪು ಗಣಿತದ್ದು. ಇನ್ನೊಂದು ತಪ್ಪು ನಮ್ಮ ಮಾತಿನದು. "ಮೈಸೂರಿನವರೂ ಮಂಡ್ಯದವರೂ ಆದ ವಿದ್ಯಾರ್ಥಿಗಳ ಪಟ್ಟಿ ಕೊಡಿ" ಎಂದು ಪ್ರಾಂಶುಪಾಲರು ಹೇಳಿದರೆ ಕೇಳಿದವನಿಗೆ ಸಂದೇಹ ಬರುವುದಿಲ್ಲ. ಕನ್ನಡದ "ಊ" ಕಾರ ಎರಡು ಗುಂಪುಗಳನ್ನೂ ಒಟ್ಟುಗೂಡಿಸುತ್ತದೆ. ಇದನ್ನೇ ಯಂತ್ರಕ್ಕೆ, ಜಿಲ್ಲೆ = ಮೈಸೂರು ಆ್ಯಂಡ್ ಜಿಲ್ಲೆ = ಮಂಡ್ಯ ಎಂದು ಬರೆದರೆ ಒಂದು ಹೆಸರೂ ಬಾರದು. ಯಂತ್ರ ನೋಡುವುದು ಒಂದೊಂದೇ ಸಾಲನ್ನು. ಒಂದೇ ಸಾಲಿನಲ್ಲಿ ಜಿಲ್ಲೆ ಏಕಕಾಲಕ್ಕೆ ಮೈಸೂರೂ ಮಂಡ್ಯವೂ ಆಗಿರಲಾರದು. ನಾವು "ಮತ್ತು" ಎನ್ನುವಲ್ಲಿ ಯಂತ್ರಕ್ಕೆ "ಅಥವಾ" ಎನ್ನಬೇಕು.

ನಿಷೇಧಾರ್ಥ ಬಂದರೆ ಕಥೆ ತಿರುಗುಮುರುಗು. ಈ ಎರಡು ಜಿಲ್ಲೆಗಳನ್ನು ಬಿಟ್ಟು ಉಳಿದವರು ಬೇಕೆಂದು, ಜಿಲ್ಲೆ ಮೈಸೂರಲ್ಲ ಆರ್ ಜಿಲ್ಲೆ ಮಂಡ್ಯವಲ್ಲ ಎಂದು ಕೇಳಿದರೆ ಕಾಲೇಜಿಗೆ ಕಾಲೇಜೇ ಪಟ್ಟಿಗೆ ಬಂದು ಕೂರುತ್ತದೆ, ಮೈಸೂರಿನವನು ಮಂಡ್ಯದವನಲ್ಲವಷ್ಟೆ! ಇಲ್ಲಿ ಬೇಕಾದುದು ಆ್ಯಂಡ್. ನಿಷೇಧವು ಆವರಣದೊಳಗೆ ಹೊಕ್ಕಾಗ "ಮತ್ತು" ಎಂಬುದು "ಅಥವಾ" ಆಗುತ್ತದೆ, "ಅಥವಾ" ಎಂಬುದು "ಮತ್ತು" ಆಗುತ್ತದೆ. ಈ ನಿಯಮ ಅಗಸ್ಟಸ್ ಡಿ ಮಾರ್ಗನ್ ಎಂಬ ಇಂಗ್ಲಿಷ್ ಗಣಿತಜ್ಞನ ಹೆಸರನ್ನು ಹೊತ್ತಿದೆ. ಆತ 1806ರಲ್ಲಿ ಹುಟ್ಟಿದ್ದು ನಮ್ಮ ನೆರೆಯ ಮಧುರೆಯಲ್ಲಿ ಎಂಬುದು ಹಲವರಿಗೆ ತಿಳಿದಿರಲಾರದು.

"ಈ ಸಾಲಿನ ಮಟ್ಟಿಗೆ" ಎಂಬ ಮಾತು ಇನ್ನೂ ಗಹನವಾದ ತೊಡಕೊಂದಕ್ಕೂ ಕಾರಣ. ಅಂಕಗಳ ಕೋಷ್ಟಕದಲ್ಲಿ ಪ್ರತಿ ವಿದ್ಯಾರ್ಥಿಗೆ ಒಂದೇ ಸಾಲು ಇರುವುದಿಲ್ಲ. ಪ್ರತಿ ವಿಷಯಕ್ಕೊಂದು ಸಾಲು ಇರುತ್ತದೆ. ಭೌತಶಾಸ್ತ್ರದಲ್ಲಿಯೂ ಗಣಿತದಲ್ಲಿಯೂ 60ಕ್ಕೆ ಮೇಲ್ಪಟ್ಟು ಅಂಕ ಪಡೆದವರು ಯಾರು ಎಂದು ಕೇಳಬೇಕಾಗಿದೆ. ವಿಷಯ = ಭೌತಶಾಸ್ತ್ರ ಆ್ಯಂಡ್ ವಿಷಯ = ಗಣಿತ ಎಂದರೆ, ಜಿಲ್ಲೆಗಳಲ್ಲಿ ಆದಂತೆಯೇ, ಏನೂ ಬಾರದು. ಹಾಗಾದರೆ ಆರ್ ಹಾಕಿದರಾಯಿತಲ್ಲ ಎನ್ನಬಹುದು. ಆಗ ಒಂದೇ ವಿಷಯದಲ್ಲಿ ಗೆದ್ದವರೂ ಒಳಗೆ ಬರುತ್ತಾರೆ, ಎರಡರಲ್ಲಿಯೂ ಗೆದ್ದವರ ಹೆಸರು ಎರಡು ಸಲ ಬರುತ್ತದೆ. ಇಲ್ಲಿ ಆ್ಯಂಡ್ ಆಗಲಿ ಆರ್ ಆಗಲಿ ಸಾಲದು. ಏಕೆಂದರೆ ನಮ್ಮ ಪ್ರಶ್ನೆ ಸಾಲನ್ನು ಕುರಿತದ್ದಲ್ಲ, ವಿದ್ಯಾರ್ಥಿಯನ್ನು ಕುರಿತದ್ದು. ಭೌತಶಾಸ್ತ್ರದಲ್ಲಿ ಗೆದ್ದವರ ನೋಂದಣಿ ಸಂಖ್ಯೆಗಳನ್ನು ಬೇರೆಯಾಗಿ ತೆಗೆದು, ಗಣಿತದಲ್ಲಿ ಗೆದ್ದವರ ಸಂಖ್ಯೆಗಳನ್ನು ಬೇರೆಯಾಗಿ ತೆಗೆದು, ಎರಡರಲ್ಲಿಯೂ ಇರುವ ಸಂಖ್ಯೆಗಳನ್ನು ಆರಿಸಬೇಕು. ಅಥವಾ ಆರ್ ಹಾಕಿ ಬಂದ ಸಾಲುಗಳನ್ನು ವಿದ್ಯಾರ್ಥಿವಾರು ಗುಂಪು ಮಾಡಿ, ಯಾರ ಗುಂಪಿನಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆಯೋ ಅವರನ್ನು ಉಳಿಸಿಕೊಳ್ಳಬೇಕು. ಹೊಸಬರು ಎಡವುವುದು ಇಲ್ಲಿಯೇ ಹೆಚ್ಚು.

ಮಾಹಿತಿಯನ್ನು ತುಂಬಿದ ರೀತಿಯಿಂದ ಬರುವ ತಪ್ಪುಗಳೂ ಉಂಟು. ಅಂಕಗಳನ್ನು ಸಂಖ್ಯೆಯಾಗಿ ಇಡದೆ ಅಕ್ಷರಗಳ ಸರಣಿಯಾಗಿ ಇಟ್ಟಿದ್ದರೆ ಯಂತ್ರ ಅವನ್ನು ನಿಘಂಟಿನ ಕ್ರಮದಲ್ಲಿ ಹೋಲಿಸುತ್ತದೆ. ಆಗ 1ರಿಂದ ಆರಂಭವಾಗುವ 100, 3ರಿಂದ ಆರಂಭವಾಗುವ 35ಕ್ಕಿಂತ ಮುಂಚಿನದು, ಎಂದರೆ ಚಿಕ್ಕದು. ನೂರಕ್ಕೆ ನೂರು ಪಡೆದವನು ಅನುತ್ತೀರ್ಣ, 9 ಪಡೆದವನು ಉತ್ತೀರ್ಣ! ದಿನಾಂಕಗಳ ಪಾಡೂ ಹೀಗೆಯೇ. ಗಂಟೆ ನಿಮಿಷಗಳನ್ನೂ ದಾಖಲಿಸಿರುವ ಅಂಕಣದಲ್ಲಿ ಜೂನ್ 1ರಿಂದ 30ರವರೆಗೆ ಎಂದು ಕೇಳಿದರೆ, 30 ಎಂಬುದನ್ನು ಯಂತ್ರ ಆ ದಿನ ಹುಟ್ಟುವ ನಡುರಾತ್ರಿಯ ಕ್ಷಣವೆಂದು ತಿಳಿಯುತ್ತದೆ. ಕೊನೆಯ ದಿನ ಬೆಳಗ್ಗೆ ಬಂದ ಅರ್ಜಿಗಳೆಲ್ಲ ಬಿದ್ದುಹೋಗುತ್ತವೆ. ಜುಲೈ 1ಕ್ಕಿಂತ ಮುಂಚೆ ಎಂದು ಬರೆಯುವುದು ಕ್ಷೇಮ.

ಇವೆಲ್ಲ ಒಂದು ತೂಕವಾದರೆ, ಬರಿದಾದ ಮನೆಯ ತೊಡಕೇ ಇನ್ನೊಂದು ತೂಕ. ನಮ್ಮ ಕಾಲೇಜಿಗೆ ಮತ್ತೆ ಹೋಗೋಣ. ಮೊದಲೆರಡು ವರ್ಷಗಳ 750 ಮಂದಿಯಲ್ಲಿ ವರಮಾನ 2 ಲಕ್ಷ ಮೀರದವರು 270. ಮೀರಿದವರೆಷ್ಟು ಎಂದು ಕೇಳಿದರೆ 480 ಎಂಬ ಉತ್ತರ ಬರಬೇಕಲ್ಲವೆ? ಯಂತ್ರ 450 ಎನ್ನುತ್ತದೆ. "ಮೀರದವರು ಅಲ್ಲದವರು" ಎಂದು ನಾಟ್ ಹಾಕಿ ಕೇಳಿದರೂ 450. ಉಳಿದ 30 ಮಂದಿ ಎಲ್ಲಿ ಹೋದರು?

ಅವರ ಅರ್ಜಿಯಲ್ಲಿ ವರಮಾನದ ಮನೆ ಖಾಲಿಯಾಗಿದೆ. ದತ್ತಸಂಚಯದ ಭಾಷೆಯಲ್ಲಿ ಅದಕ್ಕೆ ನಲ್ ಎಂದು ಹೆಸರು. ನಲ್ ಎಂಬುದು ಸೊನ್ನೆಯಲ್ಲ. ಸೊನ್ನೆಯಾದರೆ ಅದೊಂದು ಬೆಲೆ. ಇದು ಬೆಲೆಯೇ ತಿಳಿಯದ ಸ್ಥಿತಿ. ತಿಳಿಯದ ವರಮಾನ 2 ಲಕ್ಷವನ್ನು ಮೀರಿದೆಯೆ? ಹೌದೆನ್ನಲೂ ಬಾರದು, ಇಲ್ಲವೆನ್ನಲೂ ಬಾರದು. ಆದ್ದರಿಂದ ಈ ಭಾಷೆಯ ತರ್ಕದಲ್ಲಿ ನಿಜ, ಸುಳ್ಳು ಎಂಬ ಎರಡರ ಜೊತೆಗೆ "ತಿಳಿಯದು" ಎಂಬ ಮೂರನೆಯ ಬೆಲೆಯೂ ಇದೆ. ಕಾಡ್ 1979ರ ತನ್ನ ಲೇಖನವೊಂದರಲ್ಲಿ ಇಂಥ ತ್ರಿಮೌಲ್ಯ ತರ್ಕವನ್ನು ವಿವರಿಸಿದ್ದಾನೆ. "ತಿಳಿಯದು" ಎಂಬುದನ್ನು ನಿಷೇಧಿಸಿದರೆ ಬರುವುದೂ "ತಿಳಿಯದು". ಜರಡಿಯಾದರೋ ನಿಜವಾದುದನ್ನು ಮಾತ್ರ ಒಳಗೆ ಬಿಡುತ್ತದೆ. ಸುಳ್ಳನ್ನೂ ತಿಳಿಯದುದನ್ನೂ ಭೇದವೆಣಿಸದೆ ಹೊರಗಿಡುತ್ತದೆ. ಹೀಗಾಗಿ ಆ 30 ಮಂದಿ ಬಡವರ ಪಟ್ಟಿಗೂ ಸೇರಲಿಲ್ಲ, ಉಳ್ಳವರ ಪಟ್ಟಿಗೂ ಸೇರಲಿಲ್ಲ. ವರಮಾನದ ಪ್ರಮಾಣಪತ್ರವನ್ನು ಹೊತ್ತಿಗೆ ಸರಿಯಾಗಿ ತರಲಾಗದವರು ಯಾವ ಮನೆಗಳ ಮಕ್ಕಳಿರಬಹುದೆಂದು ಯೋಚಿಸಿದರೆ ಈ ತಪ್ಪಿನ ಭಾರ ತಿಳಿಯುತ್ತದೆ.

ಇದು ಊಹೆಯ ಕಾಲೇಜಿನ ಮಾತು. ನಿಜವಾದ ದತ್ತಸಂಚಯವೊಂದರಲ್ಲಿ ಇದೇ ಕಾರಣದಿಂದ 34 ಕೋಟಿ ಸಾಲುಗಳು ಕಣ್ಮರೆಯಾಗಬಲ್ಲವೆಂಬುದನ್ನು ತೋರಿಸುತ್ತೇನೆ. ಇದಕ್ಕಾಗಿ ಆಕಾಶದ ಕಡೆ ನೋಡಬೇಕು.

ಯೂರೋಪಿನ ಬಾಹ್ಯಾಕಾಶ ಸಂಸ್ಥೆ 2013ರ ಡಿಸೆಂಬರ್ 19ರಂದು ಹಾರಿಸಿದ ಗಾಯಾ ಎಂಬ ದೂರದರ್ಶಕ ನೌಕೆ 2025ರ ಜನವರಿ 15ರವರೆಗೆ ನಕ್ಷತ್ರಗಳ ಸ್ಥಾನಗಳನ್ನು ಅಳೆಯಿತು. ಕೈಯನ್ನು ಚಾಚಿ ಹೆಬ್ಬೆರಳನ್ನು ಒಮ್ಮೆ ಎಡಗಣ್ಣಿನಿಂದಲೂ ಒಮ್ಮೆ ಬಲಗಣ್ಣಿನಿಂದಲೂ ನೋಡಿದರೆ ಬೆರಳು ಜರುಗಿದಂತೆ ಕಾಣುವುದಷ್ಟೆ. ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ನಕ್ಷತ್ರಗಳೂ ದೂರದ ಹಿನ್ನೆಲೆಯ ಮೇಲೆ ಹೀಗೆಯೇ ಜರುಗಿದಂತೆ ಕಾಣುತ್ತವೆ. ಈ ಕೋನಕ್ಕೆ ಪಲ್ಲಟವೆಂದು ಹೆಸರು. ಪಲ್ಲಟ ದೊಡ್ಡದಾದಷ್ಟೂ ನಕ್ಷತ್ರ ಹತ್ತಿರ. ಒಂದು ಅಂಶದ 3,600ನೆಯ ಪಾಲು ವಿಕಲೆ. ವಿಕಲೆಯ ಸಾವಿರದ ಒಂದು ಪಾಲು ಮಿಲಿವಿಕಲೆ. ಪಲ್ಲಟ 10 ಮಿಲಿವಿಕಲೆಯಿದ್ದರೆ ದೂರ 100 ಪಾರ್ಸೆಕ್, ಎಂದರೆ ಸುಮಾರು 326 ಜ್ಯೋತಿರ್ವರ್ಷ.

2022ರ ಜೂನ್ 13ರಂದು ಹೊರಬಂದ ಗಾಯಾದ ಮೂರನೆಯ ದತ್ತಸಂಚಯದಲ್ಲಿ 1,81,17,09,771 ಸಾಲುಗಳಿವೆ. ಒಂದೊಂದು ಸಾಲು ಆಕಾಶದ ಒಂದು ಜ್ಯೋತಿರ್ಬಿಂದು. ಎಸ್‌ಕ್ಯೂಎಲ್‌ನಿಂದ ಖಗೋಳಜ್ಞರು ರೂಪಿಸಿಕೊಂಡ ಎಡಿಕ್ಯೂಎಲ್ ಎಂಬ ಭಾಷೆಯಲ್ಲಿ ಯಾರು ಬೇಕಾದರೂ ಅದನ್ನು ಪ್ರಶ್ನಿಸಬಹುದು. ಅಂತರಜಾಲವಿದ್ದರೆ ಸಾಕು, ಶುಲ್ಕವಿಲ್ಲ. ಈಗ ಒಬ್ಬ ವಿದ್ಯಾರ್ಥಿ ಪಲ್ಲಟ 10ಕ್ಕಿಂತ ಹೆಚ್ಚಿರುವವು ಎಷ್ಟು ಎಂದು ಎಣಿಸಿ, ಅದಕ್ಕೆ ನಾಟ್ ಹಾಕಿ ಉಳಿದವು ಎಷ್ಟು ಎಂದು ಎಣಿಸಿ, ಎರಡನ್ನೂ ಕೂಡಿದನೆನ್ನಿ. ಮೊತ್ತ 1,46,77,44,818. ಒಟ್ಟಿನಿಂದ ಕಳೆದರೆ 34,39,64,953 ಬಿಂದುಗಳು ಹತ್ತಿರವೂ ಅಲ್ಲ, ದೂರವೂ ಅಲ್ಲ! ಗಾಯಾಕ್ಕೆ ಇವುಗಳ ಸ್ಥಾನ ಮಾತ್ರ ದೊರೆಯಿತು; ಪಲ್ಲಟವನ್ನು ನೆಚ್ಚುವಂತೆ ಅಳೆಯಲು ಆಗಲಿಲ್ಲ. ಇವುಗಳಲ್ಲಿ ಬಹುಪಾಲು ತೀರ ಮಂಕಾದವು. ಅಂಥ ಸಾಲುಗಳಲ್ಲಿ ಪಲ್ಲಟದ ಮನೆಯನ್ನು ಬರಿದಾಗಿಯೇ ಬಿಟ್ಟಿದ್ದಾರೆ. ಅದು ಪ್ರಾಮಾಣಿಕವಾದ ಕ್ರಮ; ಅಲ್ಲೊಂದು ಸೊನ್ನೆಯನ್ನು ತುಂಬಿದ್ದರೆ ಅವೆಲ್ಲ ಅನಂತ ದೂರಕ್ಕೆ ಹೋಗಿ ಕೂರುತ್ತಿದ್ದವು.

ನಿಬಂಧನೆಗಳು ಹೆಚ್ಚಿದಂತೆ ಸೋರಿಕೆಯೂ ಹೆಚ್ಚುತ್ತದೆ. ನಕ್ಷತ್ರವು ನಮ್ಮೆಡೆಗೆ ಬರುವ ಅಥವಾ ನಮ್ಮಿಂದ ದೂರ ಸರಿಯುವ ವೇಗಕ್ಕೆ ತ್ರಿಜ್ಯೀಯ ವೇಗವೆನ್ನುತ್ತಾರೆ. ಅದನ್ನು ತಿಳಿಯಲು ಬೆಳಕನ್ನು ರೋಹಿತವಾಗಿ ಬಿಡಿಸಬೇಕು. ಆದ್ದರಿಂದ ಪ್ರಕಾಶಮಾನವಾದ ನಕ್ಷತ್ರಗಳಿಗೆ ಮಾತ್ರ ಅದು ಸಾಧ್ಯ. ಇದೇ ಸಂಚಯದಲ್ಲಿ ಆ ಅಂಕಣ ತುಂಬಿರುವುದು 3,38,12,183 ಸಾಲುಗಳಲ್ಲಿ. "ವೇಗ ಸೆಕೆಂಡಿಗೆ 200 ಕಿಲೋಮೀಟರ್ ಮೀರದವು" ಎಂಬ ನಿರುಪದ್ರವಿಯಂತೆ ಕಾಣುವ ಮಾತೊಂದನ್ನು ಆ್ಯಂಡ್ ಹಾಕಿ ಸೇರಿಸಿದರೆ ಸಾಕು, 177 ಕೋಟಿಗೂ ಹೆಚ್ಚು ಸಾಲುಗಳು ಅಲ್ಲಿಗೇ ಬಿದ್ದುಹೋಗುತ್ತವೆ. ಬಂದ ಉತ್ತರವನ್ನು ನೋಡಿ, "ಹತ್ತಿರದ ನಕ್ಷತ್ರಗಳೆಲ್ಲ ಸಾಕಷ್ಟು ಪ್ರಕಾಶಮಾನವಾದವು" ಎಂದು ವಿದ್ಯಾರ್ಥಿ ಪ್ರಬಂಧ ಬರೆದರೆ ಅದು ಆಕಾಶದ ಗುಣವಾಗುವುದಿಲ್ಲ, ಅವನ ಜರಡಿಯ ಗುಣವಾಗುತ್ತದೆ.

ಜರಡಿ ಸರಿಯಾಗಿದ್ದರೂ ಧಾನ್ಯದಲ್ಲಿ ಕಲ್ಲಿರಬಹುದೆಂಬುದಕ್ಕೂ ಗಾಯಾವೇ ನಿದರ್ಶನ. 2021ರಲ್ಲಿ ಖಗೋಳಜ್ಞರು 100 ಪಾರ್ಸೆಕ್‌ನೊಳಗಿನ ನಕ್ಷತ್ರಗಳ ಪಟ್ಟಿ ಮಾಡಹೊರಟು, ಅಂಚಿನವು ತಪ್ಪದಿರಲೆಂದು ಬಲೆಯನ್ನು ತುಸು ಅಗಲವಾಗಿಯೇ ಬೀಸಿ, ಪಲ್ಲಟ 8 ಮಿಲಿವಿಕಲೆಗೆ ಮೇಲ್ಪಟ್ಟ 12,11,740 ಸಾಲುಗಳನ್ನು ತೆಗೆದುಕೊಂಡರು. ನಕ್ಷತ್ರಗಳು ಕಿಕ್ಕಿರಿದ ಕಡೆಗಳಲ್ಲಿ ಅಳತೆಯೇ ತಪ್ಪಿ ಪಲ್ಲಟ ದೊಡ್ಡದಾಗಿ ಕಂಡಿದ್ದ ಸಾಲುಗಳು ಅವುಗಳಲ್ಲಿ ಹೇರಳವಾಗಿದ್ದವು. ಅವನ್ನೂ 100 ಪಾರ್ಸೆಕ್‌ಗೆ ಆಚೆಯವನ್ನೂ ಕಳೆದ ಮೇಲೆ ಉಳಿದದ್ದು 3,31,312. ಇದಕ್ಕೆ ಪ್ರಶ್ನೆಯ ವ್ಯಾಕರಣವಷ್ಟೇ ಸಾಲದು, ಅಳತೆಯ ದೋಷವನ್ನೂ ಬಲ್ಲವರೇ ಬೇಕು.

ಬರಿದಾದ ಮನೆ ಮಾಡುವ ಇನ್ನೊಂದು ಚೇಷ್ಟೆಯನ್ನು ಹೇಳದಿದ್ದರೆ ವಿಷಯ ಅಪೂರ್ಣವಾಗುತ್ತದೆ. ಕಳೆದ ವರ್ಷ ವೇತನ ಪಡೆದವರನ್ನು ಬಿಟ್ಟು ಉಳಿದವರ ಪಟ್ಟಿ ಬೇಕಾಗಿದೆ. ನೋಂದಣಿ ಸಂಖ್ಯೆ ಹಳೆಯ ಪಟ್ಟಿಯಲ್ಲಿ ಇರಕೂಡದು ಎಂದು, ನಾಟ್ ಇನ್ ಎಂಬ ಪದಗಳಿಂದ ಕೇಳುತ್ತೇವೆ. ಹಳೆಯ ಪಟ್ಟಿಯಲ್ಲಿ ಒಂದೇ ಒಂದು ಸಾಲಿನಲ್ಲಿ ಸಂಖ್ಯೆ ಬರಿದಾಗಿದ್ದರೆ ಉತ್ತರದಲ್ಲಿ ಒಬ್ಬನೂ ಬರುವುದಿಲ್ಲ! ಕಾರಣ ಸರಳ. 205ನೆಯ ವಿದ್ಯಾರ್ಥಿಯನ್ನು ಯಂತ್ರ ಹೀಗೆ ಪರೀಕ್ಷಿಸುತ್ತದೆ: 205 ಎಂಬುದು 101 ಅಲ್ಲ, ನಿಜ, 102 ಅಲ್ಲ, ನಿಜ, ಆ ಬರಿದಾದ ಸಂಖ್ಯೆ ಅಲ್ಲವೆ? ತಿಳಿಯದು, ಅದು 205 ಆಗಿದ್ದರೂ ಆಗಿರಬಹುದು. ಮೂರಕ್ಕೂ ಆ್ಯಂಡ್ ಹಾಕಿದರೆ ಒಟ್ಟು ಉತ್ತರ "ತಿಳಿಯದು", ಆದ್ದರಿಂದ 205 ಹೊರಗೆ. ಪ್ರತಿಯೊಬ್ಬರ ಗತಿಯೂ ಇದೇ. ಹಳೆಯ ಪಟ್ಟಿಯ ಬರಿದಾದ ಸಾಲುಗಳನ್ನು ಮೊದಲು ತೆಗೆದುಹಾಕಿದರೆ, ಇಲ್ಲವೇ ನಾಟ್ ಎಗ್ಸಿಸ್ಟ್ಸ್ ಎಂಬ ಇನ್ನೊಂದು ರಚನೆಯನ್ನು ಬಳಸಿದರೆ ತೊಡಕು ಬಿಡುತ್ತದೆ.

ಹಾಗಾದರೆ ತಪ್ಪನ್ನು ಹುಡುಕುವ ಬಗೆ ಹೇಗೆ? ವಿದ್ಯುನ್ಮಂಡಲವೊಂದು ಕೆಟ್ಟಾಗ ಪ್ರಯೋಗಶಾಲೆಯಲ್ಲಿ ನಾವು ಎಲ್ಲವನ್ನೂ ಒಮ್ಮೆಗೇ ಬಿಚ್ಚುವುದಿಲ್ಲ. ಒಂದೊಂದು ಭಾಗದಲ್ಲಿ ವೋಲ್ಟೇಜನ್ನು ಅಳೆಯುತ್ತ ಹೋಗುತ್ತೇವೆ. ಇಲ್ಲಿ ವೋಲ್ಟ್‌ಮಾಪಕದ ಸ್ಥಾನದಲ್ಲಿರುವುದು ಎಣಿಕೆ. ನಿಬಂಧನೆಗಳನ್ನೆಲ್ಲ ತೆಗೆದು ಒಟ್ಟು ಸಾಲುಗಳೆಷ್ಟೆಂದು ಎಣಿಸಬೇಕು. ಆಮೇಲೆ ಒಂದೊಂದೇ ನಿಬಂಧನೆಯನ್ನು ಸೇರಿಸುತ್ತ ಪ್ರತಿಸಲವೂ ಎಣಿಕೆಯನ್ನು ಬರೆದಿಟ್ಟುಕೊಳ್ಳಬೇಕು. ಯಾವ ಹೆಜ್ಜೆಯಲ್ಲಿ ಸಂಖ್ಯೆ ನಿರೀಕ್ಷೆಗೆ ಮೀರಿ ಕುಸಿಯಿತೋ, ಅಥವಾ ಆ್ಯಂಡ್ ಸೇರಿಸಿದ ಮೇಲೂ ಹೆಚ್ಚಿತೋ, ತಪ್ಪು ಅಲ್ಲಿದೆ. ಆ್ಯಂಡ್ ಸೇರಿಸಿದಾಗ ಎಣಿಕೆ ಎಂದೂ ಹೆಚ್ಚಕೂಡದು. ಹೆಚ್ಚಿದರೆ ಎಲ್ಲಿಯೋ ಆವರಣವಿಲ್ಲದ ಆರ್ ಅಡಗಿದೆಯೆಂದು ತಿಳಿಯಬಹುದು. ಪ್ರತಿ ನಿಬಂಧನೆಗೂ ಮೂರು ಎಣಿಕೆಗಳನ್ನು ಮಾಡಬೇಕು: ಅದು ನಿಜವಾದವು, ನಾಟ್ ಹಾಕಿದಾಗ ನಿಜವಾದವು, ಮನೆ ಬರಿದಾದವು. ಮೂರರ ಮೊತ್ತ ಒಟ್ಟಿಗೆ ಸರಿಹೋಗಬೇಕು.

ಕೊನೆಯದಾಗಿ, ಉತ್ತರದಲ್ಲಿ ಖಂಡಿತವಾಗಿ ಇರಬೇಕೆಂದು ನಮಗೆ ತಿಳಿದಿರುವ ಒಂದು ಸಾಲನ್ನು ಕೈಯಲ್ಲಿ ಹಿಡಿದುಕೊಂಡು ಜರಡಿಯ ಬಳಿಗೆ ಹೋಗುವುದು ಒಳ್ಳೆಯದು. ಗಾಯಾದ ವಿಷಯದಲ್ಲಿ ನಾನು ವಿದ್ಯಾರ್ಥಿಗಳಿಗೆ ಹೇಳುವುದು ಪ್ರಾಕ್ಸಿಮಾ ಸೆಂಟಾರಿಯ ಹೆಸರನ್ನು. ಸೂರ್ಯನನ್ನು ಬಿಟ್ಟರೆ ನಮಗೆ ಎಲ್ಲಕ್ಕಿಂತ ಸಮೀಪದ ನಕ್ಷತ್ರ, ಪಲ್ಲಟ 768 ಮಿಲಿವಿಕಲೆ. ಹತ್ತಿರದ ನಕ್ಷತ್ರಗಳ ಪಟ್ಟಿಯಲ್ಲಿ ಅದು ಇಲ್ಲವಾದರೆ, ಆ ಒಂದೇ ಸಾಲನ್ನು ತೆಗೆದು ನಿಬಂಧನೆಗಳನ್ನು ಒಂದೊಂದಾಗಿ ಅದರ ಮೇಲೆ ಹಾಕಿ ನೋಡಬೇಕು. ಕಾಲೇಜಿನ ಕಚೇರಿಯಲ್ಲಾದರೆ ಗುರುತಿನ ಒಬ್ಬ ವಿದ್ಯಾರ್ಥಿಯ ನೋಂದಣಿ ಸಂಖ್ಯೆ ಸಾಕು. ಅಲ್ಲಿ ಮತ್ತೊಂದು ಕೆಲಸವೂ ಉಂಟು: ವರಮಾನ ಈಸ್ ನಲ್ ಎಂದು ಬರೆದು ಆ 30 ಮಂದಿಯ ಮೂರನೆಯ ಪಟ್ಟಿಯನ್ನು ತೆಗೆದು, ವೇತನದ ಪಟ್ಟಿಗೆ ಸಹಿ ಬೀಳುವ ಮೊದಲೇ ಅವರನ್ನು ಕರೆಸಿ ಕೇಳುವುದು.